ಭೂಮಣ್ಣಿ ಬುಟ್ಟಿಯ ಮುಂದೆ ಕ್ಯಾಮೆರಾ

ಆಶ್ವೀಜ ಮಾಸದ ಹುಣ್ಣಿಮೆಯನ್ನು ಸಾಗರ, ಸೊರಬ, ಹೊಸನಗರದ ಕಡೆಯ ನಾವು ಭೂಮಿ ಹುಣ್ಣಿಮೆ ಎನ್ನುತ್ತೇವೆ. ಬಯಲುಸೀಮೆಯವರಿಗೆ ಅದು ಸೀಗಿ ಹುಣ್ಣಿಮೆ. ಗದ್ದೆಯಲ್ಲಿ ಭತ್ತ ಹೊಡೆ ತುಂಬಿ, ತೆನೆ ಹೊರಬೀಳಲು ಅಣಿಯಾಗಿರುವ ಈ ಕಾಲದಲ್ಲಿ ಭೂಮಿಯನ್ನು ತುಂಬು ಬಸುರಿಯೆಂದು ಬಗೆದು, ಅವಳ ಬಯಕೆಯ ಊಟವನ್ನು ಬೆಳಕು ಹರಿಯುವ ಮೊದಲೇ ಗದ್ದೆಗೆ ಹೊತ್ತು ಒಯ್ದು ಬಡಿಸುವುದು ಹಬ್ಬದ ತಿರುಳು. ಮಲೆನಾಡಿನ ಅನೇಕ ಸಮುದಾಯಗಳು ಇದನ್ನು ಆಚರಿಸುತ್ತವೆ, ಅಡಿಕೆ ಬೆಳೆಯುವವರು ತೋಟದಲ್ಲಿಯೇ ಎಡೆ ಇಡುತ್ತಾರೆ. ದೀವರ ಸಮುದಾಯದ ಮನೆಗಳಲ್ಲಿ ಈ ಊಟ ಹೋಗುವ ಬುಟ್ಟಿಯ ಮೈತುಂಬ ಹೆಂಗಸರು ಚಿತ್ತಾರ ಬರೆಯುತ್ತಾರೆ. ಅದೇ ಭೂಮಣ್ಣಿ ಬುಟ್ಟಿ.

ಈಚಿನ ವರ್ಷಗಳಲ್ಲಿ ಈ ಬುಟ್ಟಿಯನ್ನು ಹುಡುಕಿಕೊಂಡು ಕ್ಯಾಮೆರಾಗಳು ಬರುತ್ತಿವೆ. ಪತ್ರಿಕೆಗಳಲ್ಲಿ ಹಬ್ಬದ ಮರುದಿನ ಬುಟ್ಟಿ ಹೊತ್ತವರ ಚಿತ್ರ ಅಚ್ಚಾಗುತ್ತದೆ, ಬುಟ್ಟಿ ಚಿತ್ತಾರದ ಸ್ಪರ್ಧೆಗಳು ನಡೆಯುತ್ತವೆ, ವಾಟ್ಸಾಪ್ ಗುಂಪುಗಳಂತೂ ನವಮಿಯಿಂದಲೇ ತುಂಬಿಹೋಗುತ್ತವೆ. ಕ್ಯಾಮೆರಾ ಹಿಡಿಯುವವನೂ, ಚಿತ್ತಾರ ಬರೆಯುವವರ ಮನೆಯಲ್ಲಿ ಬೆಳೆದವನೂ ಆದ ನನಗೆ ಇದರಲ್ಲಿ ಸಂತೋಷವಿದೆ, ಒಂದು ತಕರಾರೂ ಇದೆ. ತೆಗೆಯುತ್ತಿರುವ ಚಿತ್ರಗಳಲ್ಲಿ ಹೆಚ್ಚಿನವು ಬುಟ್ಟಿಯನ್ನು ತೋರಿಸುತ್ತವೆಯೇ ಹೊರತು ಚಿತ್ತಾರವನ್ನು ತೋರಿಸುವುದಿಲ್ಲ.

ಮಹಾನವಮಿಯ ಹೊತ್ತಿಗೆ ಅಟ್ಟದಿಂದ ಬುಟ್ಟಿ ಇಳಿಯುತ್ತದೆ. ಹೆಣಿಗೆಯ ಸಂದುಗಳು ಮುಚ್ಚುವಂತೆ ಮೊದಲು ಸಗಣಿ ಬಳಿದು, ಅದು ಆರಿದ ಮೇಲೆ ಕೆಮ್ಮಣ್ಣು ಬಳಿಯುತ್ತಾರೆ. ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಸೀದುಹೋಗುವಷ್ಟು ಹುರಿದು ಅರೆದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚವೆಂದರೆ ಪುಂಡಿ ನಾರು. ನಮ್ಮ ಅತ್ತಿಗೆ ಗೆರೆ ಎಳೆಯುವಾಗ ನಾರಿನ ತುದಿ ಮಾತ್ರವಲ್ಲದೆ ಅದರ ಉದ್ದವೆಲ್ಲ ಬುಟ್ಟಿಯ ಮೈಗೆ ಒರಗಿ ಮಲಗಿಕೊಳ್ಳುತ್ತದೆ. ನಾರನ್ನು ಒತ್ತದೆ, ಹಗುರಾಗಿ ತನ್ನ ಕಡೆಗೆ ಜಗ್ಗುತ್ತಾ ಹೋದರೆ ಗೆರೆ ಮೊದಲಿನಿಂದ ಕೊನೆಯವರೆಗೆ ಒಂದೇ ದಪ್ಪವಾಗಿ ಬೀಳುತ್ತದೆ. ಹೀಗೆ ಎಳೆದ ಗೆರೆ ಆ ಕ್ಷಣಕ್ಕೆ ಕಾಣುವುದೇ ಇಲ್ಲ. ಅಕ್ಕಿಹಿಟ್ಟಿನ ನೀರು ಕೆಮ್ಮಣ್ಣಿನ ಮೇಲೆ ಹಸಿಯಾಗಿರುವಾಗ ಬರೀ ಒದ್ದೆಯ ಕಲೆಯಂತೆ ಇರುತ್ತದೆ, ಆರುತ್ತಾ ಬಂದಂತೆ ಬೆಳ್ಳಗೆ ಎದ್ದುಕೊಳ್ಳುತ್ತದೆ. ಆದ್ದರಿಂದ ಬರೆಯುವವರು ಈಗಷ್ಟೇ ಎಳೆದ ಗೆರೆಯನ್ನು ಕಣ್ಣಿಗಿಂತ ಹೆಚ್ಚಾಗಿ ನೆನಪಿನಲ್ಲಿ ಇಟ್ಟುಕೊಂಡು ಮುಂದಿನ ಗೆರೆಗೆ ಹೋಗಬೇಕು. ಏಣಿ, ನಿಲಿ, ಪೊಪ್ಪಳಿ, ಜೋಗಿ ಜಡೆ, ಬಾಸಿಂಗ ಎಂದು ಹೆಸರಿರುವ ಈ ವಿನ್ಯಾಸಗಳು ಮದುವೆಯ ಹಸೆಗೋಡೆಯ ಮೇಲೂ ಬರುವಂಥವು; ಆದರೆ ಗೋಡೆ ಚಪ್ಪಟೆಯಾಗಿರುತ್ತದೆ, ಬುಟ್ಟಿ ದುಂಡಗಿರುತ್ತದೆ. ಸುತ್ತಿಕೊಂಡು ಬಂದ ಏಣಿಯ ಮೆಟ್ಟಿಲು ಹೊರಟ ಜಾಗಕ್ಕೇ ಬಂದು ಕೂಡಿಕೊಳ್ಳಬೇಕೆಂದರೆ ಲೆಕ್ಕ ಮೊದಲೇ ತಲೆಯಲ್ಲಿರಬೇಕು. ಈ ಕೂಡುವ ಜಾಗವನ್ನು ಹೊರಗಿನಿಂದ ಬಂದ ಯಾವ ಛಾಯಾಗ್ರಾಹಕರೂ ತೆಗೆದದ್ದನ್ನು ನಾನು ನೋಡಿಲ್ಲ. ಬುಟ್ಟಿ ಬರೆದ ಹೆಂಗಸರು ಪಕ್ಕದ ಮನೆಯ ಬುಟ್ಟಿಯನ್ನು ಕೈಗೆತ್ತಿಕೊಂಡರೆ ಮೊದಲು ತಿರುಗಿಸಿ ನೋಡುವುದು ಅದನ್ನೇ.

ಹಬ್ಬದ ಹಿಂದಿನ ರಾತ್ರಿಯ ಕೆಲಸ ಅಡುಗೆಯದು, ಅದನ್ನು ಇಲ್ಲಿ ಉದ್ದ ಮಾಡುವುದಿಲ್ಲ. ಕಾಡು, ಹಿತ್ತಲು, ಗದ್ದೆಯ ಅಂಚುಗಳಿಂದ ಕೊಯ್ದು ತಂದ ಬಗೆಬಗೆಯ ಸೊಪ್ಪುಗಳ ಬೆರಕೆ, ಕೊಟ್ಟೆ ಕಡುಬು, ಚೀನಿಕಾಯಿಯ ಕಡುಬು, ಇವು ಇರಲೇಬೇಕು. ಹೆಂಗಸರಿಗೆ ಆ ರಾತ್ರಿ ನಿದ್ದೆಯಿಲ್ಲ. ನಸುಕಿನಲ್ಲಿ ಗಂಡಸರು ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ‘ಅಚ್ಚಂಬಲಿ, ಹಾಲಂಬಲಿ’ ಎಂದು ಕೂಗುತ್ತಾ ಸೊಪ್ಪಿನ ಬೆರಕೆಯನ್ನು ಬೀರುತ್ತಾರೆ. ಆಮೇಲೆ ಮನೆಮಂದಿಯೆಲ್ಲ ಸೇರಿ ಭತ್ತದ ಸಸಿಗಳನ್ನು ಸಿಂಗರಿಸಿ ಪೂಜೆ ಮಾಡುತ್ತಾರೆ. ಎಡೆಯಲ್ಲಿ ಭೂಮಿತಾಯಿಗೆ ಒಂದು ಪಾಲಾದರೆ ಕಾಗೆಗೆ ಒಂದು, ಇಲಿಗೆ ಒಂದು. ಬೆಳೆ ತಿನ್ನುವ ಇಲಿಯನ್ನೂ ಊಟಕ್ಕೆ ಕರೆಯುವ ಈ ಪದ್ಧತಿ ನನಗೆ ಹಬ್ಬದ ಬೇರೆಲ್ಲ ಶಾಸ್ತ್ರಗಳಿಗಿಂತ ಹೆಚ್ಚು ಇಷ್ಟ.

ಇದನ್ನೆಲ್ಲ ‘ಪ್ರಕೃತಿಯೊಂದಿಗೆ ಬೆರೆತ ಬದುಕು’ ಎಂದು ಒಂದೇ ಸಾಲಿನ ಶೀರ್ಷಿಕೆ ಕೊಟ್ಟು ಮುಗಿಸುವವರಿಗೆ ಒಂದು ಮಾತು ಹೇಳಬೇಕೆನಿಸುತ್ತದೆ. ಬುಟ್ಟಿ ಹೊತ್ತು ಹೋಗುತ್ತಿದ್ದ ಗದ್ದೆ ಬಹುಕಾಲ ಹೊತ್ತವರದ್ದಾಗಿರಲಿಲ್ಲ. ದೀವರಲ್ಲಿ ಬಹುಪಾಲು ಜನ ಗೇಣಿದಾರರು. ಗೇಣಿ ಅಳೆಯುವ ಕೊಳಗದ ಅಳತೆಯ ತಕರಾರು ಬೆಳೆದು 1951ರಲ್ಲಿ ಕಾಗೋಡು ಸತ್ಯಾಗ್ರಹವಾದದ್ದು ಇದೇ ಸಾಗರ ತಾಲ್ಲೂಕಿನಲ್ಲಿ. ಎಚ್. ಗಣಪತಿಯಪ್ಪನವರು ಮುಂದೆ ನಿಂತ ಆ ಹೋರಾಟಕ್ಕೆ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. ದೇವರಾಜ ಅರಸರ ಕಾಲದಲ್ಲಿ, 1974ರ ಭೂ ಸುಧಾರಣಾ ಕಾಯ್ದೆಯ ತಿದ್ದುಪಡಿ ಬಂದ ಮೇಲೆಯೇ ಉಳುವವನಿಗೆ ಗದ್ದೆಯ ಹಕ್ಕು ದಕ್ಕಿದ್ದು. ಒಡೆತನವಿಲ್ಲದ ಮಣ್ಣಿಗೂ ಈ ಜನ ಹಿಂದಿನಿಂದ ಬಯಕೆಯೂಟ ಬಡಿಸುತ್ತಲೇ ಬಂದವರು.

ಮತ್ತೆ ಚಿತ್ರಗಳ ವಿಷಯಕ್ಕೆ ಬರುತ್ತೇನೆ. ಪ್ರತಿವರ್ಷವೂ ಬುಟ್ಟಿಗೆ ಹೊಸದಾಗಿ ಮಣ್ಣು ಬಳಿಯುವುದರಿಂದ ಹಳೆಯ ಚಿತ್ತಾರ ಉಳಿಯುವುದಿಲ್ಲ. ಮಣ್ಣಿನ ಗೋಡೆ ಹೋಗಿ ಸಿಮೆಂಟಿನ ಗೋಡೆ ಬಂದ ಮೇಲೆ ಹಸೆಗೋಡೆಯ ಚಿತ್ತಾರ ಎಷ್ಟೋ ಮನೆಗಳಲ್ಲಿ ಕಾಗದಕ್ಕೆ, ಹಲಗೆಗೆ ಇಳಿದಿದೆ. ಬರೆಯುವ ಅಜ್ಜಿ ಹೋದರೆ ಅವರ ಕೈಯ ನಿಲಿಯೂ ಅವರೊಂದಿಗೇ ಹೋಯಿತು. ಇಂಥಲ್ಲಿ ಛಾಯಾಚಿತ್ರಕ್ಕೆ ನಿಜವಾದ ಕೆಲಸವಿದೆ, ಮತ್ತು ಆ ಕೆಲಸ ಊರಿನ ಒಳಗಿನದು. ನಮ್ಮೂರಿನ ಹಾಲಿನ ಡೇರಿಯ ಕಟ್ಟಡದಲ್ಲಿ ಹಬ್ಬ ಕಳೆದ ಮೇಲೆ ನಾವು ಕೆಲವರು ಸೇರಿ, ಹಗ್ಗ ಕಟ್ಟಿ, ಬಟ್ಟೆ ಒಣಗಿಸುವ ಕ್ಲಿಪ್ಪುಗಳಿಂದ ಬುಟ್ಟಿಗಳ ಚಿತ್ರಗಳನ್ನು ತೂಗುಹಾಕುತ್ತೇವೆ. ಹಾಲು ಹಾಕಲು ಬಂದವರು ಕ್ಯಾನು ಕೆಳಗಿಟ್ಟು ನೋಡುತ್ತಾರೆ. ನಸುಕಿನ ಮಂಜಿನ ಚಿತ್ರ, ದೊಂದಿಯ ಬೆಳಕಿನಲ್ಲಿ ಬುಟ್ಟಿ ಹೊತ್ತವರ ಚಿತ್ರ, ಹೀಗೆ ನಾನು ಚೆನ್ನಾಗಿ ಬಂದಿದೆಯೆಂದು ಅಂದುಕೊಂಡವುಗಳ ಮುಂದೆ ಯಾರೂ ನಿಲ್ಲುವುದಿಲ್ಲ. ಅಂಗಳದಲ್ಲಿ, ಮೋಡದ ಬೆಳಕಿನಲ್ಲಿ, ಬುಟ್ಟಿಯನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತಾ ತೆಗೆದು ಸಾಲಾಗಿ ಜೋಡಿಸಿದ ಸಪ್ಪೆ ಚಿತ್ರಗಳ ಮುಂದೆ ಹೆಂಗಸರ ಗುಂಪು ಸೇರಿರುತ್ತದೆ. “ಇದು ಮೇಲಿನಮನೆ ಸೊಸೆ ಬರೆದದ್ದು ತಮ್ಮಾ, ಅವಳ ತವರಿನ ಕಡೆ ಹೀಗೇ ಬರೀತಾರೆ” ಎಂದು ಚಿತ್ರದ ಕೆಳಗೆ ಹೆಸರಿಲ್ಲದೆಯೇ ಗುರುತು ಹಿಡಿದ ದೊಡ್ಡಮ್ಮನನ್ನು ಕಂಡ ಮೇಲೆ, ಪ್ರತಿ ಚಿತ್ರಕ್ಕೂ ಬರೆದವರ ಹೆಸರನ್ನು ಹಾಕಲೇಬೇಕೆಂದು ಗೊತ್ತು ಮಾಡಿಕೊಂಡೆವು.

ಸ್ಪರ್ಧೆಗಳ ಬಗ್ಗೆ ನನಗೆ ಎರಡು ಮನಸ್ಸಿದೆ. ಬರೆಯುವುದನ್ನೇ ಬಿಟ್ಟಿದ್ದ ಮನೆಗಳು ಬಹುಮಾನದ ನೆಪದಲ್ಲಾದರೂ ಮತ್ತೆ ಪುಂಡಿ ನಾರು ಹುಡುಕುತ್ತಿವೆ. ಆದರೆ ದೂರದಿಂದ ಎದ್ದು ಕಾಣಲಿ ಎಂದು ಅಂಗಡಿಯ ಪೇಂಟು ಬಳಸಿದ ಬುಟ್ಟಿಗಳೂ ಬರುತ್ತಿವೆ, ಫೋಟೋದಲ್ಲಿ ಅವೇ ಚೆನ್ನಾಗಿ ಕಾಣುತ್ತವೆ. ತೀರ್ಪುಗಾರರು ಬುಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಬೇಕು, ಮೊಬೈಲಿನಲ್ಲಿ ಅಲ್ಲ.

ಮುಂದಿನ ಹಬ್ಬಕ್ಕೆ ಕ್ಯಾಮೆರಾ ಹಿಡಿದು ಈ ಕಡೆ ಬರುವವರಿದ್ದರೆ, ಹುಣ್ಣಿಮೆಯ ನಸುಕಿಗೆ ಬರುವ ಬದಲು ಎರಡು ದಿನ ಮೊದಲೇ ಬನ್ನಿ. ಆಗ ಬುಟ್ಟಿ ಆರಿರುತ್ತದೆ, ಬರೆದವರಿಗೆ ಮಾತಾಡಲು ಬಿಡುವಿರುತ್ತದೆ. ಗದ್ದೆಯಲ್ಲಿ ಫ್ಲ್ಯಾಶ್ ಬೇಡ, ಅಂಚಿನ ಮೇಲೆ ನಿಲ್ಲಿ, ‘ಇನ್ನೊಮ್ಮೆ ಬೀರಿ’ ಎಂದು ಕೇಳಬೇಡಿ. ತೆಗೆದ ಚಿತ್ರದ ಒಂದು ಪ್ರಿಂಟನ್ನು ಆ ಮನೆಗೆ ಕಳಿಸಿ. ಹಿಂಬದಿಯಲ್ಲಿ ಬರೆದವರ ಹೆಸರನ್ನೂ ವರ್ಷವನ್ನೂ ಪೆನ್ಸಿಲಿನಲ್ಲಿ ನಮೂದಿಸಿ, ಜೆಲ್ ಪೆನ್ನಿನ ಶಾಯಿ ನಮ್ಮ ಮಳೆಗಾಲದ ತೇವಕ್ಕೆ ಹರಡಿಬಿಡುತ್ತದೆ.