ಇಳಿದು ನಡಿಯಪ್ಪ

"ಇಳಿದು ನಡಿಯಪ್ಪ, ನೀನು ಮನುಷ್ಯ ಅಂತ ಅದಕ್ಕೆ ಗೊತ್ತಾಗ್ಲಿ."

ಮಂಗಳವಾರ ಬೆಳಿಗ್ಗೆ ಮೈಸೂರಿನ ಕುವೆಂಪುನಗರದ ಒಂದು ಅಡ್ಡರಸ್ತೆಯಲ್ಲಿ, ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದ ಅಜ್ಜಿ ತಲೆಯನ್ನೂ ಎತ್ತದೆ ಹೇಳಿದ ಮಾತು. 'ಅದು' ಅಂದರೆ ಕೆಂಚ, ಆ ಬೀದಿಯ ನಾಯಿ. ಹತ್ತಡಿ ದೂರದಲ್ಲಿ ಕಾಲೂರಿ ನಿಂತು ನನ್ನ ಯೂನಿಸೈಕಲ್, ಅಂದರೆ ಒಂದೇ ಚಕ್ರದ ಸೈಕಲ್ಲು, ನೋಡಿ ಗಂಟಲು ಹರಿದುಕೊಳ್ಳುತ್ತಿತ್ತು. ನಾನು ಇಳಿದು ಎರಡು ಹೆಜ್ಜೆ ಇಟ್ಟಿದ್ದಷ್ಟೇ, ಬೊಗಳು ಅರ್ಧಕ್ಕೇ ನಿಂತಿತು. ಬಾಲ ಕೆಳಗಿಳಿಯಿತು. ಆಮೇಲೆ ಅದೇ ನಾಚಿಕೊಂಡಂತೆ ಬಂದು ಪ್ಯಾಂಟಿನ ಅಂಚು ಮೂಸಿತು.

ಆ ಮಾತು ವಾರವಿಡೀ ತಲೆಯಲ್ಲಿ ಸುತ್ತುತ್ತಿದೆ, ಏಕೆಂದರೆ ಯೂನಿಸೈಕಲ್ಲು-ನಾಯಿ ವಿಷಯದಲ್ಲಿ ಹೇಳಬೇಕಾದ ಮುಕ್ಕಾಲು ಪಾಲು ಅದರಲ್ಲೇ ಇದೆ. ಬೀದಿನಾಯಿಗೆ ಸೈಕಲ್ಲು, ಸ್ಕೂಟರು, ಹಾಲಿನವರ ಮೊಪೆಡ್ಡು ಎಲ್ಲ ಪರಿಚಯ. ನಡೆಯುವವರೂ ಪರಿಚಯ. ಈ ಒಂಟಿಚಕ್ರ ಎರಡಕ್ಕೂ ಸೇರುವುದಿಲ್ಲ. ಕೂತವರ ತಲೆ ನಡೆಯುವವರಿಗಿಂತ ಒಂದಡಿಯಷ್ಟು ಮೇಲಿರುತ್ತದೆ, ಕೈಗಳು ತೂಕಕ್ಕಾಗಿ ಗಾಳಿಯಲ್ಲಿ ಆಡುತ್ತಿರುತ್ತವೆ, ಕಾಲು ತಿರುಗುತ್ತದೆ ಆದರೆ ಹೆಜ್ಜೆ ಸಪ್ಪಳ ಇಲ್ಲ. ಮನುಷ್ಯನ ವಾಸನೆ ಇದೆ, ಮನುಷ್ಯನ ನಡಿಗೆ ಇಲ್ಲ. ಬೊಗಳದೆ ಇನ್ನೇನು ಮಾಡೀತು?

ಓಡಿಸಿಕೊಂಡು ಪಾರಾಗುವ ಆಸೆ ಬೇಡ. ಸಾಮಾನ್ಯ ಯೂನಿಸೈಕಲ್ಲಿಗೆ ಫ್ರೀವೀಲ್ ಇಲ್ಲ. ಪೆಡಲು ನಿಂತರೆ ಚಕ್ರ ನಿಂತಿತು. 24 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 1.9 ಮೀಟರ್ ಹೋಗುತ್ತದೆ. ನಿಮಿಷಕ್ಕೆ 80 ಸುತ್ತು ತುಳಿದರೂ ಗಂಟೆಗೆ ಒಂಬತ್ತು ಕಿಲೋಮೀಟರ್. ಕೆಂಚನಿಗೆ ಅದು ಓಟವೇ ಅಲ್ಲ. ಗಾಬರಿಯಲ್ಲಿ ಮುಂದಕ್ಕೆ ಬಾಗಿ ತುಳಿದರೆ, ಕಾಲಿನ ವೇಗ ಸಾಲದೆ ಚಕ್ರ ಹಿಂದುಳಿದು ಮೈ ಮುಂದಕ್ಕೆ ಬೀಳುತ್ತದೆ. ಆಗ ಸೈಕಲ್ಲು ಬೆನ್ನ ಹಿಂದೆ, ನಾಯಿ ಮುಖದ ಮುಂದೆ, ನಡುವೆ ಏನೂ ಇಲ್ಲ.

ಅದಕ್ಕೇ ಇಳಿಯುವುದನ್ನು ಹತ್ತುವುದಕ್ಕಿಂತ ಚೆನ್ನಾಗಿ ಕಲಿಯಬೇಕು. ನಾಯಿ ಮಲಗಿರುವುದು ಕಂಡಾಗಲೇ, ಮೂವತ್ತಡಿ ಇರುವಾಗಲೇ, ವೇಗ ಇಳಿಸಿ. ಅದು ಎದ್ದ ಮೇಲಲ್ಲ. ಒಂದು ಕೈ ಸೀಟಿನ ಮುಂದಿನ ಹಿಡಿಯಲ್ಲಿರಲಿ. ಒಂದು ಪೆಡಲು ಕೆಳಗೆ ಬಂದಾಗ ಅದರ ಮೇಲೆ ಭಾರ ಬಿಟ್ಟು, ಇನ್ನೊಂದು ಕಾಲನ್ನು ಹಿಂದಕ್ಕೆ ನೆಲಕ್ಕೂರಿ. ಹೀಗೆ ಹಿಂದಕ್ಕೆ ಇಳಿದರೆ ಚಕ್ರ ನಿಮ್ಮ ಮುಂದೆಯೇ ನಿಲ್ಲುತ್ತದೆ, ನಾಯಿಗೂ ನಿಮಗೂ ನಡುವೆ ಒಂದು ಬೇಲಿ. ಆಮೇಲೆ ಮೈ ಓರೆ ಮಾಡಿ, ಕಣ್ಣಲ್ಲಿ ಕಣ್ಣಿಡದೆ, ಹೆಜ್ಜೆ ಸಪ್ಪಳ ಕೇಳುವಂತೆ ನಡೆದರೆ ಸಾಕು. ಮೆಲ್ಲಗೆ ಒಂದು 'ಹಚಾ' ಅನ್ನಬಹುದು, ಕಿರುಚಬಾರದು. ಸೈಕಲ್ಲನ್ನು ಗದೆಯಂತೆ ಎತ್ತುವುದು, ಕಲ್ಲಿಗೆ ಬಗ್ಗುವುದು ಬೇಡ. ಒಂಟಿ ನಾಯಿ ಓಡೀತು, ಗುಂಪಿದ್ದರೆ ಇನ್ನಷ್ಟು ಕೆರಳುತ್ತದೆ. ಮೂಲೆಯಲ್ಲಿ ಫೋನು ಹಿಡಿದು 'ಛೂ' ಅನ್ನುವ ಹುಡುಗರು ಇದ್ದೇ ಇರುತ್ತಾರೆ. ನಾಯಿಗಿಂತ ಅವರನ್ನು ಸುಧಾರಿಸುವುದು ಕಷ್ಟ.

ಕಚ್ಚಿದರೆ, ಹಲ್ಲು ತರಚಿದರೂ, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ ಯಾವುದೂ ಬೇಡ. ರೇಬೀಸ್ ಲಸಿಕೆಯ ಎಲ್ಲ ಡೋಸುಗಳೂ ಆಗಬೇಕು, ಎರಡಾದ ಮೇಲೆ 'ಈಗ ಆರಾಮಾಗಿದೀನಲ್ಲ' ಅಂತ ಬಿಡುವುದಲ್ಲ.

ಸಾಕಿದ ನಾಯಿಯನ್ನು ಜೊತೆಗೆ ಓಡಿಸುವುದು ಬೇರೆಯೇ ವಿದ್ಯೆ. ವೇಗದ ಲೆಕ್ಕದಲ್ಲಿ ಜೋಡಿ ಚೆನ್ನಾಗಿದೆ: ನಡುಗಾತ್ರದ ನಾಯಿಯ ದುಡುಕಿಲ್ಲದ ಓಟಕ್ಕೂ 24 ಇಂಚಿನ ಚಕ್ರಕ್ಕೂ ಹೊಂದುತ್ತದೆ. 20 ಇಂಚಿನದು ನಾಯಿಗೆ ಬೇಜಾರು ತರಿಸುತ್ತದೆ. ತೊಂದರೆಯೆಲ್ಲ ಲೀಶಿನದು, ಅಂದರೆ ನಾಯಿ ಹಿಡಿಯುವ ಹಗ್ಗದ್ದು. ಅದನ್ನು ಮಣಿಕಟ್ಟಿಗೆ ಸುತ್ತಿಕೊಳ್ಳಲೂಬಾರದು, ಸೀಟಿನ ಕಂಬಕ್ಕೆ ಕಟ್ಟಲೂಬಾರದು. ಅಂಗೈಯಲ್ಲಿ ಹಿಡಿದಿರಬೇಕು, ಬೆರಳು ಬಿಚ್ಚಿದರೆ ಜಾರಿ ಹೋಗುವಂತೆ. ಒಂದೂವರೆ ಮೀಟರ್ ಸಾಕು. ಅದಕ್ಕಿಂತ ಉದ್ದವಾದರೆ ಸಡಿಲವಾದಾಗ ಪೆಡಲು ಕೂತಿರುವ ತೋಳಿಗೆ, ಕ್ರ್ಯಾಂಕಿಗೆ, ಸುತ್ತುತ್ತದೆ, ಒಂದೇ ಸುತ್ತಿಗೆ ನಾಯಿಯ ಮೂತಿ ಪೆಡಲಿನ ಹತ್ತಿರ. ಕೊರಳಪಟ್ಟಿ ಬೇಡ, ಎದೆಗೆ ತೊಡಿಸುವ ಹಾರ್ನೆಸ್ ಬೇಕು, ಕೊಂಡಿ ಬೆನ್ನ ಮೇಲೆ. ಹಿಡಿದ ಕೈ ಸೊಂಟದ ಮೂಳೆಗೆ ತಾಗಿರಲಿ. ಭುಜದ ಮಟ್ಟದಲ್ಲಿ ಹಿಡಿದರೆ ನಾಯಿಯ ಸಣ್ಣ ಎಳೆತವೂ ಇಡೀ ಮೈ ತಿರುಚುತ್ತದೆ, ಮೈ ತಿರುಗಿದ ಕಡೆಗೇ ಚಕ್ರವೂ ಹೋಗುತ್ತದೆ.

ಮುಂದಕ್ಕೆ ಎಳೆದರೆ ಎರಡು ಸುತ್ತು ಬೇಗ ತುಳಿದು ಸರಿಮಾಡಿಕೊಳ್ಳಬಹುದು. ಪಕ್ಕಕ್ಕೆ ಎಳೆದರೆ ವಾಲಿ ತಡೆಯಬಹುದು, ಆದರೆ ಅದು ತಟ್ಟನೆ ಬಿಟ್ಟಾಗ ವಾಲಿದ ಕಡೆಗೇ ಬೀಳುತ್ತೀರಿ. ಹಿಂದಕ್ಕೆ ಎಳೆಯುವುದು ಎಲ್ಲಕ್ಕಿಂತ ಕೆಟ್ಟದ್ದು: ಲೈಟುಕಂಬ ಮೂಸಲು ನಾಯಿ ನಿಂತಿತು, ಚಕ್ರ ಮುಂದಕ್ಕೆ ಹೋಯಿತು, ನೀವು ಬೆನ್ನ ಮೇಲೆ. ಆ ಕ್ಷಣ ಕೈ ಬಿಡುವುದೊಂದೇ ದಾರಿ. ನಾಯಿ ತಪ್ಪಿಸಿಕೊಂಡೀತು ಎಂಬ ಭಯ ಇದ್ದರೆ ಅದು ಇನ್ನೂ ಯೂನಿಸೈಕಲ್ ಜೊತೆ ಹೊರಡಲು ಸಿದ್ಧವಾಗಿಲ್ಲ, ಕರೆದರೆ ಬರುವುದನ್ನು ಮೊದಲು ಕಲಿಯಲಿ. ಅದಕ್ಕೂ ಮುಂಚೆ ಒಂದು ಅಭ್ಯಾಸ: ಲೀಶಿನ ಆ ತುದಿಯನ್ನು ಗೆಳೆಯನೊಬ್ಬನ ಕೈಗೆ ಕೊಟ್ಟು, ಮನಸ್ಸಿಗೆ ಬಂದಾಗ ಎಳೆ ಅನ್ನಿ. ಇನ್ನೂರು ಮೀಟರ್ ಬೀಳದೆ ಹೋದರೆ ನಾಯಿ ತರಬಹುದು.

ಹತ್ತುವಾಗ ನಾಯಿ ಕೂತಿರಬೇಕು, ಲೀಶು ಸಡಿಲ ಇರಬೇಕು. ಮೊದಲ ಎರಡು ಸುತ್ತು ತುಳಿದ ಮೇಲಷ್ಟೇ 'ಬಾ'. ನಮ್ಮ ರಸ್ತೆಯಲ್ಲಿ ಎಡಕ್ಕೆ ಹೋಗುವುದರಿಂದ ನಾಯಿಯೂ ಎಡಕ್ಕೇ, ಗಾಡಿಗಳಿಗೂ ಅದಕ್ಕೂ ನಡುವೆ ನೀವು. ಮುಳ್ಳಿನ ಕಬ್ಬಿಣದ ಪೆಡಲು ತೆಗೆದು ಪ್ಲಾಸ್ಟಿಕ್ಕಿನದು ಹಾಕಿ. ಡಾಂಬರಿನ ಮೇಲೆ ಅಂಗೈ ಹಿಂಭಾಗ ಏಳು ಸೆಕೆಂಡು ಇಡಲಾಗದಿದ್ದರೆ ಅಂದು ಮನೆಯಲ್ಲೇ ಇರಿ. ವರ್ಷ ತುಂಬದ ಮರಿ, ಚಪ್ಪಟೆ ಮೂತಿಯ ಪಗ್ ಇದಕ್ಕೆ ಬರುವುದಿಲ್ಲ. ಮುಧೋಳ ನಾಯಿಯೂ ಅಷ್ಟಕ್ಕಷ್ಟೇ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ಗೌರವಸ್ಥ ತಳಿ, ಆದರೆ ಕಣ್ಣಿಗೆ ಕಂಡದ್ದನ್ನು ಅಟ್ಟಿಕೊಂಡು ಹೋಗುವುದು ಅದರ ರಕ್ತದಲ್ಲಿದೆ. ಅಳಿಲು ಕಂಡಿತೋ, ನಿಮ್ಮ ಭುಜದ ಕೀಲು ನಿಮ್ಮದಲ್ಲ.

ಎದುರಿಗೆ ಇನ್ನೊಂದು ಸಾಕುನಾಯಿ ಬಂದರೆ ಮಾಲೀಕರು ಹೇಳುವುದು ಒಂದೇ: "ಬನ್ನಿ ಬನ್ನಿ, ಅದು ಏನೂ ಮಾಡಲ್ಲ." ನಂಬಬಾರದು. ಅದು ಅವರಿಗೆ ಏನೂ ಮಾಡಲ್ಲ, ಅಷ್ಟು ಮಾತ್ರ ನಿಜ. ಬೀದಿಯಲ್ಲಿ ಯಾರ್‍ಯಾರಿಗೆ ನಾಯಿ ಹೆಚ್ಚು ಬೊಗಳುತ್ತದೆ ನೋಡಿ: ಗೋಣಿಚೀಲ ಹೊತ್ತ ಚಿಂದಿ ಆಯುವವರಿಗೆ, ಹೆಲ್ಮೆಟ್ ತೆಗೆಯದ ಪಾರ್ಸೆಲ್ ಹುಡುಗರಿಗೆ, ಊರುಗೋಲಿನವರಿಗೆ, ಕುಂಟುವವರಿಗೆ. ಕಿಟಕಿಯ ಪರದೆ ಸರಿಯುವುದೂ ಅವರಿಗೇ. ಯೂನಿಸೈಕಲ್ಲಿನವರು ಬೇಕೆಂದಾಗ ಇಳಿದು ಮನುಷ್ಯರಾಗಬಹುದು. ಚಿಂದಿ ಆಯುವ ಹೆಂಗಸು ಏನನ್ನು ಇಳಿಸಿ ತೋರಿಸಬೇಕು? ಅಜ್ಜಿಯನ್ನು ಕೇಳಬೇಕೆನಿಸಿತ್ತು, ಕೇಳಲಿಲ್ಲ.

ಬುಧವಾರ, ಗುರುವಾರ ಆ ಬೀದಿಯನ್ನು ಚಕ್ರ ತಳ್ಳಿಕೊಂಡೇ ದಾಟಿದ್ದು. ಇವತ್ತು ಶುಕ್ರವಾರ, ನಡಿಗೆಯ ವೇಗದಲ್ಲಿ ತುಳಿದುಕೊಂಡು ಬಂದರೆ ಕೆಂಚ ಒಂದೇ ಸಲ 'ಬೌ' ಅಂದು ಸುಮ್ಮನಾಯಿತು. ಇಳಿದು ಕಾಂಪೌಂಡಿಗೆ ಚಕ್ರ ಒರಗಿಸಿ ನೀರು ಕುಡಿಯುವಷ್ಟರಲ್ಲಿ ಬಂದು ಟೈರು ಸುತ್ತ ಮೂಸಿ, ವಾಲ್ವಿನ ಹತ್ತಿರ ನಿಧಾನವಾಗಿ ಕಾಲೆತ್ತಿತು.

ಅಜ್ಜಿ ಈ ಸಲ ತಲೆಯೆತ್ತಿ ನೋಡಿದರು. "ಸರಿಹೋಯ್ತು ಬಿಡು, ಇನ್ನು ಬೊಗಳಲ್ಲ. ರಂಗೋಲಿ ಮೇಲೆ ಹಾಯಿಸ್ಬೇಡ, ಅಷ್ಟೇ."