ಇಷ್ಟೊಂದು ಈಜಿದ್ರೆ ಕಾಲೇಜಲ್ಲಿ ಸೀಟು ಸಿಗತ್ತಾ?

ಊರಿಗೆ ಫೋನ್ ಮಾಡಿದ್ರೆ ಚಿಕ್ಕಮ್ಮ ಕೇಳ್ತಾರೆ, ಇಲ್ಲಿ ನ್ಯೂಜೆರ್ಸಿಲಿ ಯುಗಾದಿ ಊಟಕ್ಕೆ ಸೇರಿದಾಗ ಪಕ್ಕದಲ್ಲಿ ಕೂತವರೂ ಕೇಳ್ತಾರೆ, "ನಿಮ್ ಮಗಳು ಬೆಳಗ್ಗೆ ನಾಲ್ಕೂವರೆಗೇ ಎದ್ದು ಈಜಕ್ಕೆ ಹೋಗ್ತಾಳಂತಲ್ಲ, ಅದರಿಂದ ಕಾಲೇಜಿಗೆ ಸೀಟು ಸಿಗತ್ತಾ, ಫೀಸು ಉಳಿಯತ್ತಾ?" ಅಂತ. ಕೇಳೋರ ತಲೆಲಿರೋದು ನಮ್ಮ ಸಿಇಟಿ ಸ್ಪೋರ್ಟ್ಸ್ ಕೋಟಾ. ಇಲ್ಲಿ ಲೆಕ್ಕ ಬೇರೆ. ಇಷ್ಟು ದಿನ ಎರಡು ಮಾತಲ್ಲಿ ಹೇಳಿ ಸುಮ್ಮನಾಗ್ತಿದ್ದೆ, ಇವತ್ತು ಪೂರ್ತಿ ಬರೀತೀನಿ.

ಮೊದಲು ದುಡ್ಡಿನ ವಿಷಯ. ಕಾಲೇಜು ಕ್ರೀಡೆ ನಡೆಸೋ ಎನ್‌ಸಿಎಎಲಿ ಮೂರು ಡಿವಿಷನ್, ಅಂದ್ರೆ ಮೂರು ಹಂತ ಇದೆ. ಡಿವಿಷನ್ ಒಂದರಲ್ಲಿ 2025ರ ತನಕ ಹೆಂಗಸರ ಈಜು ಟೀಮಿಗೆ ಹೆಚ್ಚಂದ್ರೆ 14, ಗಂಡಸರ ಟೀಮಿಗೆ 9.9 ಪೂರ್ತಿ ಸ್ಕಾಲರ್‌ಶಿಪ್ಪಿನಷ್ಟು ದುಡ್ಡು ಕೊಡಬಹುದಿತ್ತು, ಅದನ್ನ ಕೋಚ್ ತುಂಡು ತುಂಡು ಮಾಡಿ ಹಂಚ್ತಿದ್ರು, ಅಂದ್ರೆ ಪೂರ್ತಿ ಫೀಸು ಮಾಫಿ ಆಗೋರು ಬೆರಳೆಣಿಕೆಯಷ್ಟು ಜನ. ಆ ಸಂಸ್ಥೆ ಮೇಲಿದ್ದ ಕೇಸಲ್ಲಿ 2025ರಲ್ಲಿ ಆದ ಕೋರ್ಟ್ ಒಪ್ಪಂದದ ಮೇಲೆ, ಅದಕ್ಕೆ ಸೇರಿದ ಕಾಲೇಜುಗಳಿಗೆ ಆ ಮಿತಿ ಹೋಯ್ತು, ಬದಲಿಗೆ ಒಂದು ಟೀಮಲ್ಲಿ 30 ಜನಕ್ಕಿಂತ ಹೆಚ್ಚು ಇರಂಗಿಲ್ಲ ಅಂತಾಯ್ತು. ಇದರಲ್ಲಿ ಪೆಟ್ಟು ಬಿದ್ದಿದ್ದು ದುಡ್ಡು ಬೇಡ, ಟೀಮಲ್ಲಿ ಜಾಗ ಕೊಟ್ರೆ ಸಾಕು ಅಂತಿದ್ದ ಮಕ್ಕಳಿಗೆ. ಹಾರ್ವರ್ಡ್, ಯೇಲ್ ಥರದ ಕಾಲೇಜುಗಳಿರೋ ಐವಿ ಲೀಗಲ್ಲೂ ಡಿವಿಷನ್ ಮೂರರಲ್ಲೂ ಕ್ರೀಡೆಗೆ ಅಂತ ಒಂದು ಡಾಲರ್ ಸ್ಕಾಲರ್‌ಶಿಪ್ಪೂ ಇಲ್ಲ. ಹಾಗಾಗಿ ಚಿಕ್ಕಮ್ಮ, ಫೀಸು ಉಳಿಯತ್ತಾ ಅಂದ್ರೆ, ನಮ್ಮ ಮಟ್ಟಿಗೆ ಇಲ್ಲ. ಕ್ಲಬ್ ಫೀಸು, ಮೀಟ್‌ಗೆ ಅಂದ್ರೆ ಈಜು ಸ್ಪರ್ಧೆಗೆ ಹೋಗಿ ಬರೋ ಖರ್ಚು, ಹೋಟೆಲ್ಲು, ರೇಸಿಗೆ ಹಾಕೋ ಆ ಬಿಗಿ ಸೂಟು, ಎಲ್ಲಾ ಕೂಡಿಸಿದ್ರೆ ನಾವು ಹಾಕಿರೋ ದುಡ್ಡೇ ವಾಪಸ್ ಬರಲ್ಲ.

ಹಾಗಾದ್ರೆ ಯಾಕೆ ಅಂತ ಮುಂದಿನ ಪ್ರಶ್ನೆ. ಅವಳಿಗೆ ಬೇಕು, ಅದಕ್ಕೆ. ಹಿಂದೊಂದು ಮೀಟಲ್ಲಿ ಮೊಣಕೈ ಕೆಳಗೆ ಮಾರ್ಕರ್‌ನಲ್ಲಿ ಇವೆಂಟ್ ನಂಬರು, ಹೀಟು, ಲೇನು ಬರ್ಕೊಂಡು, ನೀರಿಗೆ ಹಾರೋ ಬ್ಲಾಕ್ ಹಿಂದೆ ನಿಂತು ಎರಡೂ ತೋಳು ಬೀಸ್ತಾ ಇದ್ದಳು, ರಿಲೇಲಿ ಮೂರನೆಯವಳು, ಎರಡನೆಯವಳು ಗೋಡೆಗೆ ಬರೋ ತನಕ ಇವಳ ಕಣ್ಣು ನೀರಿಂದ ಆಚೀಚೆ ಆಗಲಿಲ್ಲ. ಮುಗಿದ ಮೇಲೆ ನಾಲ್ಕೂ ಜನ ಒದ್ದೆ ಮೈಲೇ ತಬ್ಕೊಂಡು ಕುಣಿದ್ರು, ಅವರು ಬಂದಿದ್ದು ಐದನೇ ಸ್ಥಾನ. ಕಾಲೇಜಲ್ಲೂ ಇದು ಬೇಕು ಅಂತಾಳೆ. ನಾನೂ ಓದೋವಾಗ ಆಟ ಆಡ್ತಿದ್ದೋಳು, ಎಸ್ಸೆಸ್ಸೆಲ್ಸಿ ಬಂತು, ನಿಂತೋಯ್ತು, ನಮ್ಮ ಕಡೆ ಎಷ್ಟೋ ಮಕ್ಕಳದು ಹಾಗೇ ಅಲ್ವಾ.

ಊರಿಂದ ಇನ್ನೊಂದು ಮಾತೂ ಬರತ್ತೆ, "ನೋಡೇ, ನಮ್ಮ ಬೆಂಗಳೂರಿನ ಧಿನಿಧಿ 14 ವರ್ಷಕ್ಕೇ ಪ್ಯಾರಿಸ್ ಒಲಿಂಪಿಕ್ಸಿಗೆ ಹೋದ್ಲು" ಅಂತ. ಹೆಮ್ಮೆ ನಂಗೂ ಇದೆ, ಆವತ್ತು ಮನೆಮಂದಿಯೆಲ್ಲ ಕೂತು ನೋಡಿದ್ವಿ. ಆದ್ರೆ ದಯವಿಟ್ಟು ಅದನ್ನ ಇವಳ ಮುಂದೆ ಅಳತೆಗೋಲು ಥರ ಹಿಡೀಬೇಡಿ. ಇವಳ ಟೈಮನ್ನ ಅಲ್ಲಿನ ಟೈಮ್ ಜೊತೆ ಇಟ್ಟು ನೋಡೋಕೂ ಆಗಲ್ಲ, ಇಲ್ಲಿ ಹೈಸ್ಕೂಲು, ಕಾಲೇಜು ಈಜೋದು ಹೆಚ್ಚಾಗಿ 25 ಯಾರ್ಡ್ ಪೂಲಲ್ಲಿ, ಅಂದ್ರೆ 22.86 ಮೀಟರು, ಒಲಿಂಪಿಕ್ಸಿನ 50 ಮೀಟರ್ ಪೂಲಿಗಿಂತ ದೂರ ಕಮ್ಮಿ, ಗೋಡೆ ಒದ್ದು ತಿರುಗೋದು ಜಾಸ್ತಿ.

ಈ ಜೂನ್ 15ರ ಬಗ್ಗೆ ಹೇಳ್ಲೇಬೇಕು. ಹತ್ತನೇ ಕ್ಲಾಸ್ ಮುಗಿದ ವರ್ಷದ ಜೂನ್ 15ರ ತನಕ ಡಿವಿಷನ್ ಒಂದರ ಕೋಚ್‌ಗಳು ಸೇರಿಸ್ಕೊಳ್ಳೋ ವಿಷಯ ಮಕ್ಕಳ ಹತ್ರ ಮಾತಾಡಂಗಿಲ್ಲ. ಇವಳು ಚಳಿಗಾಲದಲ್ಲೇ ಹನ್ನೊಂದು ಕಾಲೇಜಿಗೆ ಮೇಲ್ ಹಾಕಿದ್ಲು, ಟೈಮು, ಮಾರ್ಕ್ಸು, ರೇಸಿನ ವಿಡಿಯೋ ಎಲ್ಲಾ ಹಾಕಿ. ಜೂನ್ 15 ಶುರುವಾಗೋ ಆ ರಾತ್ರಿ ಹನ್ನೆರಡಕ್ಕೆ ಫೋನ್ ಕೈಲಿ ಹಿಡ್ಕೊಂಡು ಕೂತಿದ್ಲು. ಅವಳ ಕ್ಲಬ್ಬಿನ ಗೆಳತಿಗೆ ಆರು ಮೆಸೇಜ್ ಬಂತು. ಇವಳಿಗೆ ಒಂದೂ ಬರಲಿಲ್ಲ. ಬೆಳಗ್ಗೆ ನಾಲ್ಕೂವರೆಗೆ ನಾನು ಎಬ್ಬಿಸಬೇಕೋ ಬೇಡ್ವೋ ಅಂತ ಬಾಗಿಲ ಹತ್ರ ನಿಂತಿದ್ದೆ, ಅವಳೇ ಬ್ಯಾಗ್ ಹಾಕ್ಕೊಂಡು ಹೊರಗೆ ಬಂದ್ಲು, ಕಣ್ಣು ಕೆಂಪಗಿತ್ತು, ನಾನೇನೂ ಕೇಳಲಿಲ್ಲ, ಕಾರಲ್ಲಿ ಇಬ್ಬರೂ ಮಾತಾಡಲಿಲ್ಲ.

ಒಂದು ವಾರ ಆದ್ಮೇಲೆ ಡಿವಿಷನ್ ಮೂರರ ಒಂದು ಸಣ್ಣ ಕಾಲೇಜಿನ ಕೋಚ್ ಫೋನ್ ಮಾಡಿದ್ರು. ಡಿವಿಷನ್ ಮೂರು ಅಂದ ತಕ್ಷಣ ಸಪ್ಪೆ ಮುಖ ಮಾಡ್ಬೇಡಿ, ಒಹಾಯೋದ ಕೆನ್ಯನ್ ಕಾಲೇಜಿನ ಗಂಡಸರ ಟೀಮು 1980ರಿಂದ 2010ರ ತನಕ ಸತತ 31 ಸಲ ರಾಷ್ಟ್ರೀಯ ಚಾಂಪಿಯನ್ ಆಗಿದ್ದು ಇದೇ ಡಿವಿಷನ್ನಲ್ಲಿ. ಆ ಕೋಚ್ ಕೇಳಿದ್ದು, ಏನು ಓದಬೇಕು ಅಂತಿದ್ದೀಯ, ಹೋದ ವರ್ಷಕ್ಕಿಂತ ಎಷ್ಟು ಟೈಮ್ ಇಳಿಸಿದ್ದೀಯ, ಈಜು ಇಲ್ಲದಿದ್ರೂ ಈ ಕಾಲೇಜಲ್ಲಿ ಇರ್ತೀಯಾ. ಆ ಕೊನೇ ಪ್ರಶ್ನೆ ನಂಗೆ ತುಂಬಾ ಹಿಡಿಸ್ತು, ಭುಜ ನೋವು ಬಂದು ಎರಡನೇ ವರ್ಷಕ್ಕೇ ಬಿಡೋ ಮಕ್ಕಳನ್ನ ನೋಡಿದ್ದೀನಿ, ಆಗ ಉಳಿಯೋದು ಕಾಲೇಜು ತಾನೇ. ನಾವೀಗ ಪಟ್ಟಿಲಿರೋ ಎಲ್ಲಾ ಕಾಲೇಜಿಗೂ ಇದನ್ನೇ ಕೇಳ್ಕೊಂಡು ಹನ್ನೊಂದರಲ್ಲಿ ಐದನ್ನ ಹೊಡೆದು ಹಾಕಿದ್ವಿ.

ಹೋದ ತಿಂಗಳು ಆ ಸಣ್ಣ ಕಾಲೇಜಿಗೆ ಹೋಗಿ ನೋಡ್ಕೊಂಡು ಬಂದ್ವಿ. ಅವರ ಕಾನ್ಫರೆನ್ಸ್, ಅಂದ್ರೆ ಆ ಕಾಲೇಜು ಸೇರಿರೋ ಕಾಲೇಜುಗಳ ಗುಂಪಿನ ಮೀಟಲ್ಲಿ 100 ಯಾರ್ಡ್ ಬಟರ್‌ಫ್ಲೈ ಫೈನಲ್ಸಿಗೆ ಹದಿನಾರನೆಯವಳಾಗಿ ಬಂದ ಹುಡುಗಿ ಟೈಮು 58.90. ನಮ್ಮವಳದು 59.31. ಮನೆಗೆ ಬಂದವಳೇ 58.90 ಅಂತ ಚೀಟಿಲಿ ಬರೆದು ಬಚ್ಚಲುಮನೆ ಕನ್ನಡಿಗೆ ಅಂಟಿಸಿದ್ದಾಳೆ. ಸೀಟು ಸಿಗತ್ತಾ ಅಂತ ಕೇಳಿದ್ರಲ್ಲ ಚಿಕ್ಕಮ್ಮ, ಇನ್ನೂ 0.41 ಸೆಕೆಂಡು ಬಾಕಿ ಇದೆ, ಫೆಬ್ರವರಿಲಿ ಮೀಟು.