ಶಸ್ತ್ರ ಹಾಕಿಕೊಳ್ಳೋದು ಕಲೆನಾ, ಪೂಜೆನಾ?

ನಾಟಕ, ಚಿತ್ರಕಲೆ ಅಂತ ಓಡಾಡುವ ಬೆಂಗಳೂರು ಕಡೆಯ ಗೆಳೆಯರು ಕಲಬುರಗಿಗೆ ಬಂದರೆ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಜಾತ್ರೆಯಲ್ಲಿ ಪುರವಂತರು ಗಲ್ಲಕ್ಕೆ ಶಸ್ತ್ರ ಹಾಕಿಕೊಂಡು ಕುಣಿಯುತ್ತಾರಲ್ಲ, ಅದು ಕಲೆನಾ, ಪೂಜೆನಾ?

ಗುಡಿ ಮುಂದೆ ಪೂಜೆ, ವೇದಿಕೆ ಮೇಲೆ ಕಲೆ. ನನ್ನ ಉತ್ತರ ಇಷ್ಟೇ. ಮನುಷ್ಯ ಅವನೇ, ಶಸ್ತ್ರವೂ ಅದೇ. ಬದಲಾಗುವುದು ಸುತ್ತ ನಿಂತ ಜನ. ಇಷ್ಟಕ್ಕೆ ಯಾರೂ ಒಪ್ಪಲ್ಲ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನೋಡದವರಿಗಾಗಿ ಮೊದಲು ವಿಷಯ. ಪುರವಂತರು ವೀರಭದ್ರನ ಸೇವೆ ಮಾಡುವವರು. ಬೇರೆ ದಿನ ಹೊಲ, ಅಂಗಡಿ ನೋಡಿಕೊಂಡಿರುತ್ತಾರೆ. ಜಾತ್ರೆಯ ದಿನ ಕಾಸೆ ಕಟ್ಟಿ, ರುದ್ರಾಕ್ಷಿ ಹಾಕಿ, ಕಾಲಿಗೆ ಗೆಜ್ಜೆ ಕಟ್ಟಿ, ಕೈಯಲ್ಲಿ ಕತ್ತಿ ಹಿಡಿದು ಬೀದಿಗೆ ಇಳಿಯುತ್ತಾರೆ. ಜೊತೆಗೆ ಸಂಬಾಳ, ಶಹನಾಯಿ, ತಾಳ. ನಡುನಡುವೆ ವಾದ್ಯ ಗಪ್ಪನೆ ನಿಲ್ಲುತ್ತದೆ. ಆಗ ಒಬ್ಬರು ಏರಿದ ದನಿಯಲ್ಲಿ ಒಡಪು ಹೇಳುತ್ತಾರೆ. ದಕ್ಷ ಯಜ್ಞಕ್ಕೆ ಶಿವನನ್ನು ಕರೆಯದೆ ಅವಮಾನ ಮಾಡಿದ್ದು, ದಾಕ್ಷಾಯಿಣಿ ಬೆಂಕಿಗೆ ಬಿದ್ದದ್ದು, ಶಿವನ ಸಿಟ್ಟಿನಿಂದ ವೀರಭದ್ರ ಹುಟ್ಟಿ ಬಂದು ಯಜ್ಞ ಕೆಡಿಸಿದ್ದು. ಒಡಪು ಮುಗಿದದ್ದೇ ತಡ, ಸಂಬಾಳ ಮತ್ತೆ ಸಿಡಿಯುತ್ತದೆ.

ಆಮೇಲೆ ಶಸ್ತ್ರ. ಗಲ್ಲ, ನಾಲಿಗೆ, ಮುಂಗೈಗೆ ಸೂಜಿಯಂಥ ಸಲಾಕೆ ಹಾಯಿಸುತ್ತಾರೆ. ರಕ್ತ ಬರಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಬಂದರೂ ಕಮ್ಮಿ. ಎಲ್ಲಿ, ಯಾವ ಓರೆಯಲ್ಲಿ ಹಾಯಿಸಬೇಕು ಅನ್ನೋದು ಹಿರಿಯರಿಂದ ಕಲಿತ ಕೈಗೆ ಗೊತ್ತು. ಕೊನೆಗೆ ಆ ಜಾಗಕ್ಕೆ ವಿಭೂತಿ ಒತ್ತುತ್ತಾರೆ. ಕಲಿತು ಮಾಡುವುದು ಅಂದಮೇಲೆ ಭಕ್ತಿ ಎಲ್ಲಿ ಬಂತು ಅನ್ನುವವರಿದ್ದಾರೆ. ನನಗೆ ಆ ಮಾತೇ ಅರ್ಥ ಆಗಲ್ಲ. ಮಂತ್ರವನ್ನೂ ಕಲಿತೇ ಹೇಳಬೇಕು, ಅಲ್ವಾ?

ಓದಿಕೊಂಡ ಗೆಳೆಯರು ಇಲ್ಲಿ ಮರೀನಾ ಅಬ್ರಮೊವಿಚ್ ಹೆಸರು ತರುತ್ತಾರೆ. ತನ್ನ ಮೈಯನ್ನೇ ಕಲೆಯ ಸಾಮಗ್ರಿ ಮಾಡಿಕೊಂಡು ಜನರ ಮುಂದೆ ಪ್ರದರ್ಶನ ಕೊಡುವ ಕಲಾವಿದೆ ಆಕೆ. 1974ರಲ್ಲಿ ಇಟಲಿಯ ನೇಪಲ್ಸ್‌ನಲ್ಲಿ ಆಕೆ ಮೇಜಿನ ಮೇಲೆ 72 ವಸ್ತು ಇಟ್ಟು, ಆರು ಗಂಟೆ ಸುಮ್ನೆ ನಿಂತಿದ್ದರು. ಬಂದವರು ಆ ವಸ್ತುಗಳಿಂದ ಆಕೆಯ ಮೈಗೆ ಏನು ಬೇಕಾದರೂ ಮಾಡಬಹುದು ಅಂತ ಬರೆದಿಟ್ಟಿದ್ದರು. ಗುಲಾಬಿಯೂ ಇತ್ತು, ಪಿಸ್ತೂಲೂ ಇತ್ತು. ಮೈಯನ್ನೇ ಮುಂದಿಟ್ಟು ನಿಲ್ಲುವುದರಲ್ಲಿ ಹೋಲಿಕೆ ಇದೆ, ಒಪ್ಪುತ್ತೇನೆ. ಆದರೆ ಅಲ್ಲಿ ಜನ ಏನು ಮಾಡುತ್ತಾರೋ ಯಾರಿಗೂ ಗೊತ್ತಿರಲಿಲ್ಲ. ಪ್ರಯೋಗದ ತಿರುಳೇ ಅದು.

ನಮ್ಮಲ್ಲಿ ತದ್ವಿರುದ್ಧ. ಜನವರಿಯಲ್ಲಿ ಬೀದರ್ ಜಿಲ್ಲೆಯ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ ಹೋಗಿ ಜನರನ್ನು ನೋಡಿ. ಪ್ರತಿಯೊಬ್ಬರಿಗೂ ಒಂದು ಕೆಲಸ ಇರುತ್ತದೆ. ಒಬ್ಬರು ಕಾಯಿ ಒಡೆಯುತ್ತಾರೆ, ಇನ್ನೊಬ್ಬರು ಕಾಲಿಗೆ ನೀರು ಹಾಕುತ್ತಾರೆ. ಹರಕೆ ಹೊತ್ತವರು ತಾವೂ ಮುಂದೆ ಬಂದು ಗಲ್ಲ ಒಡ್ಡುತ್ತಾರೆ. ನಿನ್ನೆ ಟಂಟಂ ಆಟೊ ಓಡಾಡಿದ ಅದೇ ರಸ್ತೆಯಲ್ಲಿ ಚಪ್ಪಲಿ ಬಿಟ್ಟು ನಿಂತಿರುತ್ತಾರೆ. ಮೆರವಣಿಗೆ ದಾಟಿದ ಮೇಲೆ ಅದು ಮತ್ತೆ ರಸ್ತೆ. ಆ ಹೊತ್ತಿಗೆ ಅದನ್ನು ಗುಡಿ ಮಾಡಿದ್ದು ಪುರವಂತರೊಬ್ಬರೇ ಅಲ್ಲ. ಜನ ಸುಮ್ನೆ ಕೈಕಟ್ಟಿ ನೋಡುತ್ತಾ ನಿಂತರೆ ಕುಣಿತ ನಡೆಯುತ್ತದೆ, ಸೇವೆ ನಡೆಯಲ್ಲ.

ಉತ್ಸವದ ವೇದಿಕೆಗೆ ಹೋದಾಗ ಆಗುವುದೂ ಇದೇ. ಅಲ್ಲಿ ಹತ್ತು ನಿಮಿಷ ಕೊಡುತ್ತಾರೆ. ಮೊದಲು ಕತ್ತರಿ ಬೀಳುವುದು ಒಡಪಿಗೆ. ಕತೆ ಹೋಗಿ ಕತ್ತಿ ಉಳಿಯುತ್ತದೆ. ಆದರೂ ವೇದಿಕೆ ಬೇಡ ಅಂತ ನಾನು ಹೇಳಲ್ಲ. ಸಂಭಾವನೆ ಸಿಗುತ್ತದೆ, ಹುಡುಗರಿಗೆ ಕಲಿಯೋ ಹುಮ್ಮಸ್ಸು ಬರುತ್ತದೆ. ಒಡಪಿಗೆ ಇನ್ನೊಂದಿಷ್ಟು ಹೊತ್ತು ಕೊಡಿ ಅನ್ನೋದಷ್ಟೇ ನನ್ನ ತಕರಾರು.

ನೋವೇ ಭಕ್ತಿಯ ಗುರುತು ಅಂದುಕೊಂಡವರು ಬೀದರ್ ಪಕ್ಕದ ಅಷ್ಟೂರಿಗೆ ಹೋಗಬೇಕು. 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಗುಮ್ಮಟ ಅಲ್ಲಿದೆ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಒಯ್ದವನು ಈತನೇ. ಹೋಳಿಯ ಆಸುಪಾಸಿನಲ್ಲಿ ಉರುಸು. ಆಳಂದ ತಾಲ್ಲೂಕಿನ ಮಾಡಿಯಾಳದಿಂದ ಲಿಂಗಾಯತ ಜಂಗಮರೊಬ್ಬರು ಭಕ್ತರೊಂದಿಗೆ ನಡೆದುಕೊಂಡೇ ಬರುತ್ತಾರೆ. ಸೂಫಿಗಳ ದಿರಿಸು ತೊಟ್ಟು, ಶಂಖ ಊದಿಸಿ, ಗೋರಿಗೆ ಹೂ ಏರಿಸುತ್ತಾರೆ. ಆ ಸುಲ್ತಾನನನ್ನು ಅಲ್ಲಮಪ್ರಭುವಿನ ರೂಪ ಅಂತ ನಂಬುವವರು ಬಹಳ ಜನ. ವೇಷ ಇದೆ, ದಾರಿ ಇದೆ, ನೋಡಲು ನೆರೆದ ಜನ ಇದ್ದಾರೆ. ನಾಟಕಕ್ಕೆ ಬೇಕಾದದ್ದೆಲ್ಲ ಇದೆ. ಆದರೂ ಅದನ್ನು ನಾಟಕ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಲ್ಲಿ ಇಷ್ಟೂ ಬೇಕಾಗಿಲ್ಲ. ಪೀಠಾಧಿಪತಿಗಳು ಶರಣರದ್ದು ಎನ್ನುವ ಪರುಷ ಬಟ್ಟಲು ಎತ್ತಿ ತೋರಿಸುತ್ತಾರೆ, ಅಷ್ಟೇ. ಆ ಒಂದು ಕ್ಷಣಕ್ಕೆ ಜನ ಬಿಸಿಲಲ್ಲಿ ಗಂಟೆಗಟ್ಟಲೆ ಕಾಯುತ್ತಾರೆ.

ಸೇವೆ ಅಂದಮಾತ್ರಕ್ಕೆ ಎಲ್ಲಾ ಸರಿ ಅಂತಲೂ ಅಲ್ಲ. ಒಬ್ಬರ ಗಲ್ಲದಿಂದ ತೆಗೆದ ಶಸ್ತ್ರ ಇನ್ನೊಬ್ಬರ ಗಲ್ಲಕ್ಕೆ ಹೋಗಬಾರದು. ಹೆಪಟೈಟಿಸ್ ಬಿ, ಎಚ್‌ಐವಿ ರಕ್ತದಿಂದ ಹರಡುವ ಕಾಯಿಲೆಗಳು, ವಿಭೂತಿ ಅವನ್ನು ತಡೆಯಲ್ಲ. ಹೀಗೆ ಹೇಳಿದರೆ ಸಂಪ್ರದಾಯಕ್ಕೆ ಕೈ ಹಾಕಬೇಡಿ ಅನ್ನುತ್ತಾರೆ. ಯಾದಗಿರಿಯ ಮೈಲಾಪುರ ನೋಡಿ. ಸಂಕ್ರಾಂತಿಗೆ ಮಲ್ಲಯ್ಯನ ಪಲ್ಲಕ್ಕಿ ಮೇಲೆ ಕುರಿಮರಿ ಎಸೆಯುವ ಹರಕೆ ಇತ್ತು. ಜಿಲ್ಲಾಡಳಿತ ಅದನ್ನು ನಿಷೇಧಿಸಿತು, ದಾರಿಯಲ್ಲಿ ಚೆಕ್‌ಪೋಸ್ಟ್ ಹಾಕಿತು. ಜಾತ್ರೆ ಏನೂ ನಿಲ್ಲಲಿಲ್ಲ. ಈಗಲೂ ಭಂಡಾರ ಹಾರುತ್ತದೆ, ಏಳು ಕೋಟಿಗೋ ಅನ್ನುವ ಕೂಗು ಗುಡ್ಡಕ್ಕೆ ಬಡಿಯುತ್ತದೆ, ಸರಪಳಿ ಎಳೆದು ತುಂಡು ಮಾಡುವುದೂ ನಡೆಯುತ್ತದೆ.

ಹಾಗಾಗಿ ಹುಮನಾಬಾದಿಗೆ ಹೋಗುವವರು ಮೊಬೈಲ್ ಎತ್ತಿಕೊಂಡು ಪುರವಂತರ ಮೂಗಿಗೇ ಹಿಡಿಯಬೇಡಿ. ಚಪ್ಪಲಿ ಬಿಟ್ಟು ಪಕ್ಕಕ್ಕೆ ನಿಲ್ಲಿ, ಒಡಪು ಪೂರ್ತಿ ಕೇಳಿ. ಯಾವುದಾದರೂ ಅಜ್ಜಿ ಈ ಕಾಯಿ ಸ್ವಲ್ಪ ಹಿಡ್ಕೋ ಯಪ್ಪಾ ಅಂದರೆ ಹಿಡಿದುಕೊಳ್ಳಿ. ಕಲೆನಾ, ಪೂಜೆನಾ ಅಂತ ಆಮೇಲೆ ಬೇಕಾದರೆ ಮತ್ತೆ ಜಗಳ ಆಡೋಣ.